ಐ.ಎಂ. ವಿಜಯನ್ ಹೆಸರು ನಮ್ಮ ಕಡೆ ಯಾಕೆ ಅಷ್ಟಾಗಿ ಓಡಲಿಲ್ಲ?

ಹುಬ್ಬಳ್ಳಿ ಹುಡುಗ:
ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ನಮ್ಮ ಓಣಿ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಫುಟ್‌ಬಾಲ್ ಆಟಗಾರ ವಿಜಯನ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು ಅಂತ ಹೇಳಿದರೆ ಒಬ್ಬನಿಗೂ ಅವರು ಯಾರು ಅಂತ ಗೊತ್ತಿಲ್ಲ. ಭಾರತ ತಂಡದ ಸುನಿಲ್ ಛೆಟ್ರಿ ಗೊತ್ತು, ಬೈಚುಂಗ್ ಭುಟಿಯಾ ಹೆಸರೂ ಕೇಳಿದ್ದಾರೆ. ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದ ಹುಡುಗ ಮುಂದೆ ಭಾರತದ ಕ್ಯಾಪ್ಟನ್ ಆದರು, 1993, 1997, 1999 ಹೀಗೆ ಮೂರು ಸಲ ದೇಶದ ವರ್ಷದ ಆಟಗಾರ ಆದರು. ಭುಟಿಯಾಗೆ ಪದ್ಮಶ್ರೀ 2008ರಲ್ಲೇ ಬಂದಿತ್ತು. ಇಬ್ಬರ ಆಟದಲ್ಲಿ ಅಷ್ಟು ಅಂತರ ಇತ್ತಾ?

ಧಾರವಾಡದ ಹಳೇ ಆಟಗಾರ:
ಇಲ್ಲ ತಮ್ಮಾ, ಇರಲಿಲ್ಲ. ಮೊದಲ ನ್ಯಾಷನಲ್ ಲೀಗ್, ಅಂದರೆ 1996-97ರದ್ದು, ಗೆದ್ದಿದ್ದು ಪಂಜಾಬಿನ ಜೆಸಿಟಿ ಕ್ಲಬ್. ಆ ತಂಡದಲ್ಲಿ ಇಬ್ಬರೂ ಇದ್ದರು. ಜಾಸ್ತಿ ಗೋಲು ಭುಟಿಯಾದೇ, ಒಪ್ಪುತ್ತೇನೆ. ಆದರೆ ಚೆಂಡು ಕಾಲಿಗೆ ಬಂದ ಮೇಲೆ ವಿಜಯನ್ ಏನು ಮಾಡುತ್ತಾರೆ ಅಂತ ಡಿಫೆಂಡರ್‌ಗಳಿಗೆ ತಿಳಿಯುತ್ತಲೇ ಇರಲಿಲ್ಲ. 1999ರ ಸ್ಯಾಫ್ ಗೇಮ್ಸ್‌ನಲ್ಲಿ, ಅಂದರೆ ದಕ್ಷಿಣ ಏಷ್ಯಾ ದೇಶಗಳ ಕ್ರೀಡಾಕೂಟದಲ್ಲಿ, ಭೂತಾನ್ ಮೇಲೆ 12ನೇ ಸೆಕೆಂಡಿಗೆ ಗೋಲು ಹೊಡೆದರು, ಜನ ಇನ್ನೂ ಸೀಟಿನಲ್ಲಿ ಸರಿಯಾಗಿ ಕೂತಿರಲಿಕ್ಕಿಲ್ಲ. 2003ರ ಆಫ್ರೋ-ಏಷ್ಯನ್ ಗೇಮ್ಸ್‌ನಲ್ಲಿ 4 ಗೋಲು ಹೊಡೆದು ಭಾರತದ ಪರ ಆಡುವುದನ್ನ ಬಿಟ್ಟರು.

ಗದಗಿನವ:
ಅಣ್ಣಾ, ಭುಟಿಯಾ ಅವರನ್ನ ಸುಮ್ನೆ ಕೆಳಗೆ ಇಳಿಸಬೇಡಿ. 1997ರಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ 1,31,000 ಜನರ ಮುಂದೆ ಈಸ್ಟ್ ಬೆಂಗಾಲ್ ಪರ ಮೋಹನ್ ಬಗಾನ್ ಕ್ಲಬ್ ಮೇಲೆ ಹ್ಯಾಟ್ರಿಕ್, 1999ರಲ್ಲಿ ಇಂಗ್ಲೆಂಡಿನ ಬ್ಯೂರಿ ಕ್ಲಬ್, 2012ರಲ್ಲಿ ದೆಹಲಿಯಲ್ಲಿ ಬೀಳ್ಕೊಡುಗೆ ಪಂದ್ಯಕ್ಕೆ ಬಂದಿದ್ದು ಜರ್ಮನಿಯ ದೊಡ್ಡ ಕ್ಲಬ್ ಬೇಯರ್ನ್ ಮ್ಯೂನಿಕ್! ಇಷ್ಟಾದ ಮೇಲೆ ಹೆಸರು ಬರದೇ ಇರುತ್ತಾ? ಅದರ ಜೊತೆಗೆ ಊರಿನವರು ಹೇಳುತ್ತಾ ಇರಬೇಕು. ನಮ್ಮ ಕ್ರಿಕೆಟರ್ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ 10 ಓವರ್‌ಗೆ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದನ್ನ ಗದಗಿನಲ್ಲಿ ಇವತ್ತಿಗೂ ಹೇಳುತ್ತಾರೆ, ಬೇರೆ ಕಡೆ ಎಷ್ಟು ಜನಕ್ಕೆ ನೆನಪಿದೆ? ಕೇರಳಕ್ಕೆ ಹೋಗಿ ನೋಡಿ, ವಿಜಯನ್ ಅಂದರೆ ಮನೆಮಾತು.

ಹಾವೇರಿ ಅಕ್ಕ:
ಟಿವಿ ವಿಷಯ ಯಾರೂ ಹೇಳಲೇ ಇಲ್ಲ. ಭುಟಿಯಾ 2009ರಲ್ಲಿ ಹಿಂದಿಯ ಡ್ಯಾನ್ಸ್ ಸ್ಪರ್ಧೆ ಗೆದ್ದರು, ಫುಟ್‌ಬಾಲ್ ಅಂದರೇನು ಅಂತ ಗೊತ್ತಿಲ್ಲದ ನಮ್ಮ ಅತ್ತೆಗೂ ಅವರ ಮುಖ ಪರಿಚಯ. ವಿಜಯನ್ ಸಿನಿಮಾ ಮಾಡಿದ್ದು ಹೆಚ್ಚಾಗಿ ಮಲಯಾಳಂ, ತಮಿಳಿನಲ್ಲಿ. ಆಟ ಬಿಟ್ಟ ಮೇಲೂ ಕೇರಳ ಪೊಲೀಸ್‌ನಲ್ಲೇ ಇದ್ದರು. ಹಿಂದಿ ಚಾನೆಲ್ ನೋಡುವವರಿಗೆ ಅವರು ಕಾಣಿಸಲೇ ಇಲ್ಲ ಅಲ್ವಾ? ಜನಪ್ರಿಯತೆ ಬೇರೆ, ಆಟ ಬೇರೆ ಅಂತ ಬಿಟ್ಟುಬಿಡಬಹುದು, ಆದರೆ ಪದ್ಮಶ್ರೀಯಲ್ಲಿ 17 ವರ್ಷದ ಅಂತರ ಯಾವ ಲೆಕ್ಕಕ್ಕೂ ಸರಿ ಅನ್ನಿಸುವುದಿಲ್ಲ.

ಹುಬ್ಬಳ್ಳಿ ಹುಡುಗ:
ಥ್ಯಾಂಕ್ಸ್ ಅಕ್ಕಾ. ಧಾರವಾಡದ ಅಣ್ಣಾ, ಒಂದು ಭಾನುವಾರ ನಮ್ಮ ಹುಡುಗರ ಹತ್ತಿರ ಬಂದು ಈ ಜೆಸಿಟಿ ಕಥೆ ಹೇಳುತ್ತೀರಾ?

ಧಾರವಾಡದ ಹಳೇ ಆಟಗಾರ:
ಬರುತ್ತೇನೆ. ಬೆಳಿಗ್ಗೆ ಇಟ್ಟುಕೋ, ಬಿಸಿಲು ಏರೋದರೊಳಗೆ ಆಟವನ್ನೂ ಆಡಿಸೋಣ.