ಮೂಳೆ ವೈದ್ಯರ ಸಂಶೋಧನಾ ಪಟ್ಟಿಯನ್ನು ಓದುವುದು ಹೇಗೆ?

ಪ್ರಶ್ನೆ (ತುಮಕೂರು):
ಕಬಡ್ಡಿ ಆಡುವಾಗ ನನ್ನ ಮಗಳ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿದಿದೆ. ನಮಗೆ ಸೂಚಿಸಲಾದ ಕ್ರೀಡಾವೈದ್ಯರ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳಿವೆ. ನನ್ನಂಥ ಸಾಮಾನ್ಯ ತಂದೆ ಈ ಪಟ್ಟಿಯಿಂದ ಏನನ್ನು ತಿಳಿಯಬಹುದು?

ಉತ್ತರ (ಕೋಲಾರ):
ಸರ್, ಸಂಖ್ಯೆಗಿಂತ ಮೊದಲು ಲೇಖನದ ಬಗೆಯನ್ನು ನೋಡಿ. ಒಬ್ಬನೇ ರೋಗಿಯ ವರದಿಯೂ ಪಟ್ಟಿಯಲ್ಲಿ ಒಂದು ಲೇಖನ, ವರ್ಷಗಟ್ಟಲೆ ನಡೆದ ಪ್ರಯೋಗವೂ ಒಂದೇ ಲೇಖನ. 2010ರಲ್ಲಿ ಸ್ವೀಡನ್ನಿನ ಸಂಶೋಧಕರು ನಿಮ್ಮ ಮಗಳಂತೆಯೇ ಎಸಿಎಲ್ ಹರಿದಿದ್ದ 121 ಯುವಜನರಲ್ಲಿ, ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನೂ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದು ಅಗತ್ಯಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಗೆ ಹೋದವರನ್ನೂ ಹೋಲಿಸಿ, ಎರಡು ವರ್ಷಗಳ ನಂತರ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲವೆಂದು ತೋರಿಸಿದರು. ಇಂಥ ಒಂದು ಪ್ರಯೋಗ ಹತ್ತಾರು ಸಣ್ಣ ವರದಿಗಳಿಗಿಂತ ತೂಕದ್ದೆಂದು ನಾನು ದೃಢವಾಗಿ ನಂಬುತ್ತೇನೆ.

ಉತ್ತರ (ಚಿಂತಾಮಣಿ):
ವೈದ್ಯಕೀಯ ಲೇಖನಗಳ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಉಚಿತವಾಗಿ ಹುಡುಕಬಹುದು, ಆದರೆ ಒಂದೇ ಹೆಸರಿನ ಹಲವು ವೈದ್ಯರಿರುವುದರಿಂದ ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿರುವ 16 ಅಂಕಿಗಳ ಆರ್ಕಿಡ್ (ORCID) ಗುರುತುಸಂಖ್ಯೆಯನ್ನು ಹೊಂದಿಸಿ ನೋಡಿ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕವು (ಲೇಖನಗಳೆಷ್ಟು, ಅವನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬೆರಡನ್ನೂ ಸೇರಿಸಿದ ಅಳತೆ) ವೃತ್ತಿಯ ವರ್ಷಗಳೊಂದಿಗೆ ಏರುತ್ತದೆಯೇ ಹೊರತು ಎಂದೂ ಇಳಿಯುವುದಿಲ್ಲ, ಆದ್ದರಿಂದ ಕಿರಿಯ ವೈದ್ಯರನ್ನು ಅದರಿಂದ ಅಳೆಯಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ವ್ಯಾಯಾಮ ಚಿಕಿತ್ಸೆಯಿಂದ ಆರಂಭಿಸಬಹುದೇ ಎಂದು ವೈದ್ಯರನ್ನೇ ಕೇಳುತ್ತೇನೆ.

ಉತ್ತರ (ಕೋಲಾರ):
ಅವರು ವರ್ಷಕ್ಕೆ ಎಷ್ಟು ಎಸಿಎಲ್ ಶಸ್ತ್ರಚಿಕಿತ್ಸೆ ಮಾಡುತ್ತಾರೆಂಬುದನ್ನೂ ತಪ್ಪದೆ ಕೇಳಿ. ಅದು ಯಾವ ಲೇಖನಪಟ್ಟಿಯಲ್ಲೂ ಇರುವುದಿಲ್ಲ.