ಗೈಡ್ ಕಂಪನಿಗೆ ಒಂದು ವರ್ಷ ತುಂಬಿತು: ಎರಡನೆಯದನ್ನು ತೆರೆಯಬೇಕೇ, ತಡೆಯಬೇಕೇ?

ಪ್ರಶ್ನೆ – ಶಿಕ್ಷಕಿ, ಗದಗ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ಗದಗ ತಾಲೂಕಿನ ಒಂದು ಬಾಲಕಿಯರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವರ್ಷ ಜೂನ್‌ನಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಡಿ ನಮ್ಮಲ್ಲಿ ಗೈಡ್ ಕಂಪನಿ, ಅಂದರೆ ಗೈಡ್ ಹುಡುಗಿಯರ ಘಟಕ, ಆರಂಭಿಸಿದಾಗ, ಎರಡು ಪಟ್ರೋಲ್ (ಕಂಪನಿಯೊಳಗಿನ ಸಣ್ಣ ಗುಂಪು) ತುಂಬುವಷ್ಟು ಹುಡುಗಿಯರನ್ನು ಒಪ್ಪಿಸುವುದಕ್ಕೇ ಸಾಕುಸಾಕಾಗಿತ್ತು. ದಸರಾ ರಜೆ ಮುಗಿಯುವ ಹೊತ್ತಿಗೆ ನಾಲ್ಕು ಪಟ್ರೋಲ್ ತುಂಬಿದವು. ಪಟ್ರೋಲಿಗೆ 6ರಿಂದ 8 ಜನ, ಕಂಪನಿಗೆ ಹೆಚ್ಚೆಂದರೆ 32 ಜನ ಎಂಬ ಮಿತಿ ಇರುವುದರಿಂದ, ಆಮೇಲೆ ಕೇಳಿಕೊಂಡು ಬಂದವರನ್ನು ಕಾಯಿಸಬೇಕಾಯಿತು. ಈಗ ಹೊಸದಾಗಿ ಎಂಟನೆಯ ತರಗತಿಗೆ ಬಂದಿರುವವರೂ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಹೆಸರು ಬರೆಸಿ ಹೋಗುತ್ತಿದ್ದಾರೆ.

ವರ್ಷದ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ತಿಂಗಳುಗಳು ಪ್ರವೇಶದ ಪಾಠಗಳಲ್ಲಿ, ಅಂದರೆ ಪ್ರತಿಜ್ಞೆ, ನಿಯಮ, ಧ್ವಜ ಮತ್ತು ಗಂಟುಗಳಲ್ಲಿ ಕಳೆದವು. ನವೆಂಬರ್ 7ರಂದು ಸಂಸ್ಥಾಪನಾ ದಿನ ಆಚರಿಸಿದೆವು. ಸಂಸ್ಥೆ ಹುಟ್ಟಿದ್ದು 1950ರಲ್ಲಿ, ಗರ್ಲ್ ಗೈಡ್ಸ್ ಅದರಲ್ಲಿ ಸೇರಿದ್ದು 1951ರ ಆಗಸ್ಟ್ 15ರಂದು ಎಂದು ವಿವರಿಸಿದಾಗ, ಹಾಗಾದರೆ ನಮ್ಮ ಹುಟ್ಟುಹಬ್ಬ ಯಾವುದೆಂದು ಕೇಳಿ ಹುಡುಗಿಯರು ನನ್ನನ್ನು ಪೇಚಿಗೆ ಸಿಕ್ಕಿಸಿದರು. ಜನವರಿಯಲ್ಲಿ ಕಣಗಿನಹಾಳಕ್ಕೆ ಹೋಗಿ, 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಆರಂಭವಾದ ಸಹಕಾರ ಸಂಘದ ಕಥೆ ಕೇಳಿ ಬಂದ ಮೇಲೆ, ಪ್ರತಿ ಪಟ್ರೋಲೂ ತನ್ನದೇ ಲೆಕ್ಕದ ಪುಸ್ತಕ ಇಟ್ಟಿತು. ಜಗತ್ತಿನ ಗೈಡ್‌ಗಳೆಲ್ಲ ಆಚರಿಸುವ ಫೆಬ್ರವರಿ 22ರ ಚಿಂತನ ದಿನದ ಕಾಣಿಕೆಯನ್ನು ಅವರೇ ಎಣಿಸಿ, ಅವರೇ ಬರೆದುಕೊಂಡರು.

ನನ್ನ ಪ್ರಶ್ನೆ ಹುಟ್ಟಿದ್ದು ಮಾತ್ರ ದಸರಾ ರಜೆಯ ಹೈಕ್‌ನಲ್ಲಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಡೋಣಿಯ ಕಡೆಯಿಂದ ಕಪ್ಪತಗುಡ್ಡದ ಅಂಚಿಗೆ ಹೋಗಿದ್ದೆವು. ಇಳಿಯುವಾಗ ಸಡಿಲ ಕಲ್ಲಿನ ಮೇಲೆ ಒಬ್ಬಳ ಪಾದ ಉಳುಕಿತು. ನಾನು ಹಿಂದಿನಿಂದ ಬಂದು ಮುಟ್ಟುವಷ್ಟರಲ್ಲಿ ಒಂಬತ್ತನೆಯ ತರಗತಿಯ ಪಟ್ರೋಲ್ ಸೆಕೆಂಡ್ (ಲೀಡರ್‌ನ ನಂತರದವಳು) ಆ ಹುಡುಗಿಯನ್ನು ಬಂಡೆಯ ಮೇಲೆ ಕೂರಿಸಿ, ಶೂ ತೆಗೆಯದೆಯೇ ಲೇಸು ಸಡಿಲಿಸಿ, ತನ್ನ ಸ್ಕಾರ್ಫನ್ನು ಅಗಲಪಟ್ಟಿಯಾಗಿ ಮಡಿಸಿ, ಹಿಮ್ಮಡಿಯ ಕೆಳಗಿನಿಂದ ಎಂಟರ ಆಕಾರದಲ್ಲಿ ಸುತ್ತಿ ರೀಫ್ ಗಂಟು ಹಾಕಿ ಮುಗಿಸಿದ್ದಳು. "ಅಕ್ಕೋರ, ಬಿಗಿ ಆಗೇತೇನು ನೋಡ್ರಿ" ಎಂದಷ್ಟೇ ಕೇಳಿದಳು. ಅದೇ ದಿನ ಇನ್ನೊಂದು ಪಟ್ರೋಲು, ತನ್ನ ಹತ್ತನೆಯ ತರಗತಿಯ ಲೀಡರ್ ಬಂದಿರಲಿಲ್ಲವೆಂಬ ಕಾರಣಕ್ಕೆ, ಒಲೆ ಹೂಡುವುದಕ್ಕೂ ನನ್ನ ಅಪ್ಪಣೆಗಾಗಿ ಕಾದು ಕುಳಿತಿತ್ತು.

ಈಗ ನಾಲ್ವರು ಲೀಡರ್‌ಗಳ ಪೈಕಿ ಮೂವರು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟಿದ್ದಾರೆ. ಶಾಲೆಯ ಆಡಳಿತ ಮಂಡಳಿಗೆ ಎರಡನೆಯ ಕಂಪನಿ ಬೇಕು. ಕಂಪನಿ ನಡೆಸುವವರ ತರಬೇತಿಯಾದ ಬೇಸಿಕ್ ಕೋರ್ಸ್ ಮುಗಿಸಿದ ಕ್ಯಾಪ್ಟನ್ ಎಂದರೆ ಇಡೀ ಶಾಲೆಯಲ್ಲಿ ನಾನೊಬ್ಬಳೇ. ಏನು ಮಾಡುವುದು ಉಚಿತ?

ಉತ್ತರ 1 – ನಿವೃತ್ತ ಗೈಡ್ ಕ್ಯಾಪ್ಟನ್, ಧಾರವಾಡ

ಟೀಚರ್, ಈ ವರ್ಷ ಎರಡನೆಯ ಕಂಪನಿ ತೆರೆಯಬೇಡಿ. ಒಬ್ಬರೇ ಕ್ಯಾಪ್ಟನ್ ಎರಡು ಕಂಪನಿ ನಡೆಸಿದರೆ ಎರಡೂ ಡ್ರಿಲ್ ತರಗತಿಗಳಾಗಿಬಿಡುತ್ತವೆ. ಸೀಟಿ ಊದಿ ಸಾಲು ನಿಲ್ಲಿಸುವುದು ಎಷ್ಟು ಜನರಿದ್ದರೂ ಸಾಧ್ಯ. ಆದರೆ ಒಲೆಯ ಮುಂದೆ ಕಾದು ಕುಳಿತ ಪಟ್ರೋಲನ್ನು ಎಬ್ಬಿಸುವುದು ಹಾಗಲ್ಲ. ಅದಕ್ಕೆ ನೀವು ಲೀಡರ್‌ಗಳ ಜೊತೆ ಬೇರೆಯಾಗಿ ಕುಳಿತು ಕೆಲಸ ಮಾಡಬೇಕಾಗುತ್ತದೆ.

ನಿಮ್ಮಲ್ಲಿ ಕೋರ್ಟ್ ಆಫ್ ಆನರ್ ಸೇರುತ್ತಿದೆಯೇ? ನೀವು ಅದರ ಹೆಸರನ್ನೇ ಎತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಪಟ್ರೋಲ್ ಲೀಡರ್‌ಗಳು ತಾವೇ ಕಲೆತು, ಮುಂದಿನ ತಿಂಗಳ ಕಾರ್ಯಕ್ರಮ, ಖರ್ಚು, ಶಿಸ್ತಿನ ದೂರುಗಳನ್ನು ತೀರ್ಮಾನಿಸುವ ಸಭೆ ಅದು. ಕ್ಯಾಪ್ಟನ್ ಅಲ್ಲಿ ಸಲಹೆಗಷ್ಟೇ ಇರಬೇಕು. ಲೀಡರ್ ರಜೆ ಹಾಕಿದ ದಿನ ಸೆಕೆಂಡ್ ಆ ಸಭೆಯಲ್ಲಿ ಕೂರಲಿ. ಆಗ ಲೀಡರ್ ಶಾಲೆ ಬಿಟ್ಟರೂ ಪಟ್ರೋಲು ಅನಾಥವಾಗುವುದಿಲ್ಲ. ಒಂದೇ ತರಗತಿಯವರನ್ನು ಒಂದೇ ಪಟ್ರೋಲಿಗೆ ಹಾಕುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಎಂಟು, ಒಂಬತ್ತು, ಹತ್ತು ಮೂರೂ ಬೆರೆತಿರಲಿ.

ಇನ್ನೊಂದು ಮಾತು ಮುಖ್ಯವಾದದ್ದು. ಹುಡುಗಿಗೆ 10 ವರ್ಷ ತುಂಬಿದರೆ ಗೈಡ್ ಆಗಬಹುದು. ಪ್ರೌಢಶಾಲೆಗೆ ಬಂದ ಮೇಲೆಯೇ ಆರಂಭಿಸಿದರೆ ಮೂರು ವರ್ಷ ಕೈಬಿಟ್ಟಂತೆಯೇ ಸರಿ. ಪ್ರವೇಶದಿಂದ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯಮಟ್ಟದ ಪ್ರಶಸ್ತಿಯಾದ ರಾಜ್ಯ ಪುರಸ್ಕಾರಕ್ಕೆ ಹೋಗುವ ದಾರಿಯಲ್ಲಿ ಪ್ರತಿ ಹಂತಕ್ಕೂ ತಿಂಗಳುಗಟ್ಟಲೆ ಅವಧಿ ನಿಗದಿಯಾಗಿದೆ. ಒಂಬತ್ತರಲ್ಲಿ ಸೇರಿದವಳು ಅರ್ಧದಲ್ಲೇ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುತ್ತಾಳೆ. ಆದ್ದರಿಂದ ಎರಡನೆಯ ಕಂಪನಿಯನ್ನು ನಿಮ್ಮ ಶಾಲೆಯಲ್ಲಿ ಅಲ್ಲ, ನಿಮಗೆ ಮಕ್ಕಳನ್ನು ಕಳಿಸುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೆಯ ತರಗತಿಯವರಿಗಾಗಿ ಹುಟ್ಟುಹಾಕಿಸಿ. ಅಲ್ಲಿನ ಒಬ್ಬ ಶಿಕ್ಷಕಿಯನ್ನು ಬೇಸಿಕ್ ಕೋರ್ಸಿಗೆ ಕಳಿಸುವುದೇ ಈ ವರ್ಷದ ಕೆಲಸವಾಗಲಿ.

ಉತ್ತರ 2 – ಪ್ರೌಢಶಾಲಾ ಶಿಕ್ಷಕ, ರಾಣೆಬೆನ್ನೂರು

ಹಿರಿಯರ ಮಾತಿನಲ್ಲಿ ಅನುಭವವಿದೆ, ಆದರೂ ಪೂರ್ತಿಯಾಗಿ ಒಪ್ಪಲಾರೆ. ಒಂಬತ್ತನೆಯ ತರಗತಿಯಲ್ಲಿದ್ದು ಹೆಸರು ಬರೆಸಿರುವ ಹುಡುಗಿಗೆ, "ವ್ಯವಸ್ಥೆ ಗಟ್ಟಿಯಾಗಲಿ, ಆಮೇಲೆ ಬಾ" ಎಂದು ಹೇಳುವುದೆಂದರೆ ಎಂದಿಗೂ ಬರಬೇಡ ಎಂದಂತೆಯೇ, ಏಕೆಂದರೆ ಈ ವರ್ಷ ಬಿಟ್ಟರೆ ಅವಳಿಗೆ ಉಳಿಯುವುದು ಒಂದೇ ವರ್ಷ. ಅವಳು ರಾಜ್ಯ ಪುರಸ್ಕಾರ ಪಡೆಯದಿದ್ದರೇನು? ಉಳುಕಿದ ಕಾಲಿಗೆ ಪಟ್ಟಿ ಕಟ್ಟುವುದನ್ನು ಕಲಿತು ಹೋದರೂ ಅದು ಕಲಿಕೆಯೇ. ಹತ್ತನೆಯವರು ಹೋದ ಮೇಲೆ ತೆರವಾಗುವ ಜಾಗಗಳನ್ನು ಮೊದಲು ಇಂಥವರಿಗೆ ಕೊಡಿ. ಎಂಟನೆಯವರಿಗೆ ಇನ್ನೂ ಕಾಲವಿದೆ.

ಆಡಳಿತ ಮಂಡಳಿಗೆ ಎರಡನೆಯ ಕಂಪನಿ ಏಕೆ ಬೇಕೆಂಬುದನ್ನೂ ಒಮ್ಮೆ ಕೇಳಿ ನೋಡಿ. ಸಮಾರಂಭಗಳಲ್ಲಿ ಅತಿಥಿಗಳ ಎದುರು ಸಮವಸ್ತ್ರದ ಹುಡುಗಿಯರನ್ನು ಎರಡು ಸಾಲಿನಲ್ಲಿ ನಿಲ್ಲಿಸುವುದಕ್ಕಾದರೆ ಆ ಬೆಳವಣಿಗೆ ನಿಮಗೆ ಬೇಡ. ನಾನು ಕಂಡ ಒಂದು ಶಾಲೆಯಲ್ಲಿ ಗೈಡ್‌ಗಳು ಇಡೀ ವರ್ಷ ಆರತಿ ತಟ್ಟೆ ಹಿಡಿದದ್ದೇ ಬಂತು, ಹಗ್ಗ ಹಿಡಿಯಲಿಲ್ಲ.

ಉತ್ತರ 3 – ಗೈಡ್ ಹುಡುಗಿಯ ತಾಯಿ, ಹಾವೇರಿ

ನಾನು ಕ್ಯಾಪ್ಟನ್ ಅಲ್ಲ, ತಾಯಿಯಾಗಿ ಬರೆಯುತ್ತಿದ್ದೇನೆ. ನಿಮ್ಮ ಬರಹದಲ್ಲಿ ರಾತ್ರಿ ತಂಗುವ ಶಿಬಿರದ ಸುದ್ದಿಯೇ ಇಲ್ಲ. ಪಾಲಕರು ಒಪ್ಪಲಿಲ್ಲವೆಂದು ಊಹಿಸುತ್ತೇನೆ. ನಾವೂ ಮೊದಲು ಒಪ್ಪಿರಲಿಲ್ಲ. ಮನೆಯಲ್ಲಿ ಗಂಡಸರು "ಕಾಲ ಸರಿಯಿಲ್ಲ" ಎಂದರು; ನನ್ನ ಚಿಂತೆ ಬೇರೆಯಿತ್ತು. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ, ನೀರಿದೆಯೇ, ಮುಟ್ಟಾದರೆ ಹುಡುಗಿ ಯಾರಿಗೆ ಹೇಳಬೇಕು, ರಾತ್ರಿ ಎದ್ದರೆ ಜೊತೆಗೆ ಯಾರು ಬರುತ್ತಾರೆ ಎಂಬ ಪ್ರಶ್ನೆಗಳನ್ನು ನಾನು ಸಭೆಯಲ್ಲಿ ಎಲ್ಲರೆದುರು ಹೇಗೆ ಕೇಳಲಿ?

ನಮ್ಮ ಮಗಳ ಕ್ಯಾಪ್ಟನ್ ತಾಯಂದಿರನ್ನಷ್ಟೇ ಕರೆದು ಶಿಬಿರದ ಜಾಗಕ್ಕೇ ಒಯ್ದು ತೋರಿಸಿದರು. ನಾವೇ ಚಿಲಕ ಹಾಕಿ ತೆಗೆದು ನೋಡಿದೆವು. ಒಂದು ಬಾಗಿಲಿಗೆ ಚಿಲಕ ಸಡಿಲಾಗಿತ್ತು, ಸಂಜೆಯೊಳಗೆ ಹೊಸದು ಬಂತು. ಆ ದಿನ ಬಂದಿದ್ದ ತಾಯಂದಿರಲ್ಲಿ ಯಾರೂ ಬೇಡವೆನ್ನಲಿಲ್ಲ. ನೀವೂ ಹೀಗೆ ಮಾಡಿ ನೋಡಿರಿ, ಅಕ್ಕೋರ.

ಉತ್ತರ 4 – ರೇಂಜರ್, ಪದವಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಮೇಡಂ, ಹೊರಟುಹೋಗುತ್ತಿರುವ ಆ ಮೂವರು ಲೀಡರ್‌ಗಳನ್ನು ಕಳೆದುಕೊಂಡಿರೆಂದು ಲೆಕ್ಕ ಹಾಕಬೇಡಿ. ಅವರು ಸೇರುವ ಪಿಯು ಕಾಲೇಜಿನಲ್ಲಿ ರೇಂಜರ್ ಟೀಮ್ (ಗೈಡ್‌ಗಳಿಗಿಂತ ಹಿರಿಯ ಹುಡುಗಿಯರ ತಂಡ) ಇದೆಯೇ ಎಂದು ಈಗಲೇ ವಿಚಾರಿಸಿ, ಇದ್ದರೆ ಅಲ್ಲಿನ ರೇಂಜರ್ ಲೀಡರ್‌ಗೆ ಹೆಸರು ಕೊಟ್ಟು ಪತ್ರ ಬರೆಯಿರಿ. ಹತ್ತನೆಯ ತರಗತಿಯ ಬಳಿಕ ನಾನೂ ಬಿಟ್ಟೇಬಿಡುತ್ತಿದ್ದೆ. ನಮ್ಮ ಕ್ಯಾಪ್ಟನ್ ಅಂಥದೊಂದು ಪತ್ರ ಬರೆದಿದ್ದರಿಂದ ಉಳಿದೆ. ಈಗ ಶನಿವಾರಗಳಲ್ಲಿ ನನ್ನ ಹಳೆಯ ಶಾಲೆಗೆ ಹೋಗಿ ಗಂಟು ಮತ್ತು ಲ್ಯಾಶಿಂಗ್ (ಕೋಲುಗಳನ್ನು ಹಗ್ಗದಿಂದ ಬಿಗಿಯುವುದು) ಕಲಿಸುತ್ತೇನೆ. ನಿಮಗಿರುವ ಕೈಗಳ ಕೊರತೆ ಸ್ವಲ್ಪವಾದರೂ ಹೀಗೆ ನೀಗೀತು.

ಪಾಲಕರ ಸಭೆಯಲ್ಲಿ ಯಾರಾದರೂ ಹಿರಿಯರು, ಹುಡುಗಿಯರಿಗೇಕೆ ಈ ಸಮವಸ್ತ್ರ, ಈ ಶಿಬಿರ ಎಂದರೆ ಉಮಾಬಾಯಿ ಕುಂದಾಪುರ ಅವರನ್ನು ನೆನಪಿಸಿ. ಅದು ಗೈಡ್ಸ್ ಅಲ್ಲ, ನಿಜ. ಆದರೆ ಡಾ. ನಾ. ಸು. ಹರ್ಡೀಕರರ ಹಿಂದುಸ್ತಾನಿ ಸೇವಾದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದ ಅವರು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದ್ದು ಇದೇ ಹುಬ್ಬಳ್ಳಿಯಿಂದ. ನೂರು ವರ್ಷದ ಹಿಂದೆ ನಮ್ಮ ಮುತ್ತಜ್ಜಿಯರ ಕಾಲದವರು ಮಾಡಿದ್ದನ್ನು ಇಂದಿನ ಹುಡುಗಿಯರಿಗೆ ಬೇಡವೆನ್ನುವುದು ಆ ಹಿರಿಯರಿಗೂ ಕಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ವಂದನೆಗಳು. ಮುಖ್ಯ ಶಿಕ್ಷಕಿಯವರೊಂದಿಗೆ ಚರ್ಚಿಸಿ ಕೆಲವನ್ನು ತೀರ್ಮಾನಿಸಿದ್ದೇನೆ. ಈ ವರ್ಷ ನಮ್ಮಲ್ಲಿ ಒಂದೇ ಕಂಪನಿ. ತೆರವಾದ ಜಾಗಗಳಿಗೆ ರಾಣೆಬೆನ್ನೂರಿನ ಸರ್ ಹೇಳಿದಂತೆ ಒಂಬತ್ತನೆಯವರಿಗೆ ಆದ್ಯತೆ. ಆಮೇಲೆ ಉಳಿದಷ್ಟಕ್ಕೆ ಎಂಟನೆಯವರು. ಸ್ಕಾರ್ಫ್ ಕಟ್ಟಿದ ಆ ಸೆಕೆಂಡ್ ಈಗ ಲೀಡರ್. ಕಾದು ಕುಳಿತ ಪಟ್ರೋಲಿಗೂ ಅವಳನ್ನೇ ಕಳಿಸಬೇಕೆಂದು ನನಗಿತ್ತು. ಹೊಸ ಲೀಡರ್‌ಗಳು ಮೊದಲ ಕೋರ್ಟ್ ಆಫ್ ಆನರ್‌ನಲ್ಲೇ ಅದನ್ನು ತಳ್ಳಿಹಾಕಿ, "ಆ ಪಟ್ರೋಲಿನವರೇ ತಮ್ಮ ಲೀಡರ್‌ನ ಆರಿಸ್ಕೊಳ್ಲಿ ಬಿಡ್ರಿ" ಎಂದರು. ಅವರ ಮಾತೇ ನಡೆಯಿತು.

ಶಿಬಿರದ ವಿಷಯದಲ್ಲಿ ಹಾವೇರಿಯ ತಾಯಿಯವರ ಊಹೆ ನಿಜ. ಪಾಲಕರು "ರಾತ್ರಿ ಬ್ಯಾಡ್ರಿ" ಎಂದದ್ದನ್ನೇ ಕೊನೆಯ ಮಾತೆಂದು ಬಿಟ್ಟಿದ್ದೆವು. ಈ ಸಲ ಜಾಗ ನಿಗದಿಯಾಗುವ ಮೊದಲೇ ತಾಯಂದಿರನ್ನು ಕರೆದೊಯ್ಯುತ್ತೇನೆ. ಹಿರಿಯ ಪ್ರಾಥಮಿಕ ಶಾಲೆಯ ಇಬ್ಬರು ಶಿಕ್ಷಕಿಯರಲ್ಲಿ ಒಬ್ಬರು ಬೇಸಿಕ್ ಕೋರ್ಸಿಗೆ ಹೋಗಲು ಸಿದ್ಧರಿದ್ದಾರೆ, ಆದರೆ ಅವರಿಗೆ ಚಿಕ್ಕ ಮಗುವಿದೆ. ಕೋರ್ಸಿನ ದಿನಗಳೆಲ್ಲ ಅಲ್ಲಿಯೇ ವಾಸ ಮಾಡಬೇಕಲ್ಲ?

ಉತ್ತರ 1 ಬರೆದವರು

ಹೌದು, ವಾಸ ಅಲ್ಲಿಯೇ. ಮಗುವಿನ ವಿಷಯವನ್ನು ಅರ್ಜಿ ಹಾಕುವ ಮೊದಲೇ ಜಿಲ್ಲಾ ಸಂಸ್ಥೆಯಲ್ಲಿ ಬಾಯಿಬಿಟ್ಟು ಹೇಳಲಿ, ಮುಚ್ಚಿಡುವುದು ಬೇಡ. ಈ ಸಲ ಆಗದಿದ್ದರೆ ಎರಡನೆಯ ಶಿಕ್ಷಕಿಯನ್ನು ಮೊದಲು ಕಳಿಸಿ. ಇವರು ಅಷ್ಟರವರೆಗೆ ನಿಮ್ಮ ಕಂಪನಿಯ ಸಭೆಗಳಿಗೆ ಬಂದು ನೋಡಲಿ. ಪಟ್ರೋಲಿನವರೇ ಲೀಡರನ್ನು ಆರಿಸಿಕೊಂಡ ಮೇಲೆ ಯಾರು ಆಯ್ಕೆಯಾದರೆಂದು ಮರೆಯದೆ ಇಲ್ಲಿ ತಿಳಿಸಿ.