ಎರಡೇ ಹೊಸ ಟೈರ್ ಹಾಕಿಸುವುದಾದರೆ ಮುಂದಕ್ಕೋ ಹಿಂದಕ್ಕೋ? ಮಳೆಯಲ್ಲಿ ಗಾಳಿ ಕಡಿಮೆ ಮಾಡಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸುತ್ತುವುದು ನಿಂತುಹೋಗದಂತೆ ತಡೆಯುವ ವ್ಯವಸ್ಥೆ) ಇರುವ ಹ್ಯಾಚ್‌ಬ್ಯಾಕ್ ಕಾರು. ನಾನು ನಿತ್ಯ ಓಡಾಡುವ ದಾರಿಯಲ್ಲಿ ನುಣುಪಾದ ಹೆದ್ದಾರಿಯೂ ಇದೆ, ಡಾಂಬರು ಕಿತ್ತು ಜಲ್ಲಿ ಎದ್ದಿರುವ ಭಾಗವೂ ಇದೆ, ಮಳೆ ಬಂದರೆ ನೀರು ನಿಲ್ಲುವ ತಗ್ಗುಗಳೂ ಇವೆ. ಈಚೆಗೆ ಜೋರು ಮಳೆಯಲ್ಲಿ, ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗದಲ್ಲಿ ಅಂಥದೊಂದು ತಗ್ಗನ್ನು ದಾಟುವಾಗ ಸ್ಟಿಯರಿಂಗ್ ಒಮ್ಮೆಲೇ ಹಗುರವಾಗಿ, ಕ್ಷಣಕಾಲ ಕಾರು ನನ್ನ ಹತೋಟಿಯಲ್ಲೇ ಇಲ್ಲವೆನಿಸಿತು. ಬಳಿಕ ಟ್ರೆಡ್ಡಿನ, ಅಂದರೆ ಟೈರ್ ರಸ್ತೆಗೆ ತಾಗುವ ಕಡೆ ಇರುವ ಕಾಲುವೆಗಳ, ಆಳವನ್ನು ಅಳತೆ ಮಾಡಿಸಿದಾಗ ಮುಂದಿನ ಟೈರ್‌ಗಳಲ್ಲಿ 2.5 ಮಿ.ಮೀ., ಹಿಂದಿನವುಗಳಲ್ಲಿ 5 ಮಿ.ಮೀ. ಉಳಿದಿರುವುದು ತಿಳಿಯಿತು.

1.6 ಮಿ.ಮೀ. ತನಕ ಓಡಿಸಲು ಅಡ್ಡಿಯಿಲ್ಲ, ಬದಲಿಸಲೇಬೇಕೆಂದಿದ್ದರೆ ಎರಡು ಹೊಸ ಟೈರ್‌ಗಳನ್ನು ಮುಂದಕ್ಕೆ ಹಾಕಿಸಿ ಎಂದು ಅಂಗಡಿಯವರು ಹೇಳಿದರು. ಮಳೆಗಾಲದಲ್ಲಿ ಐದಾರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಕಡಿಮೆ ಇಟ್ಟರೆ ಟೈರ್ ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟಿದ್ದಾರೆ. ಮನೆಯವರೆಲ್ಲ ಕೂರುವ ಗಾಡಿಯಾದ್ದರಿಂದ, ಬಲ್ಲವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಮೊದಲು ಗಾಳಿಯ ವಿಷಯ. ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ; ನೀರು ನಿಂತ ರಸ್ತೆಯಲ್ಲಿ ಅದು ನೇರವಾಗಿ ಅಪಾಯವನ್ನೇ ಹೆಚ್ಚಿಸುತ್ತದೆ.

ನಿಮಗೆ ಆದ ಅನುಭವಕ್ಕೆ ಹೈಡ್ರೋಪ್ಲೇನಿಂಗ್ ಎನ್ನುತ್ತಾರೆ. ಟೈರ್ ತನ್ನ ಮುಂದಿರುವ ನೀರನ್ನು ಟ್ರೆಡ್ಡಿನ ಕಾಲುವೆಗಳ ಮೂಲಕ ಪಕ್ಕಕ್ಕೂ ಹಿಂದಕ್ಕೂ ತಳ್ಳುತ್ತ ಸಾಗಬೇಕು. ವೇಗ ಹೆಚ್ಚಿದಂತೆ ಅದಕ್ಕೆ ಸಿಗುವ ಸಮಯ ಕಡಿಮೆಯಾಗಿ, ಒಂದು ಹಂತದಲ್ಲಿ ಟೈರಿನ ಕೆಳಗೆ ಸೇರಿದ ನೀರಿನ ಒತ್ತಡವೇ ಅದನ್ನು ರಸ್ತೆಯಿಂದ ಮೇಲೆತ್ತುತ್ತದೆ. ಆಗ ಸ್ಟಿಯರಿಂಗ್, ಬ್ರೇಕ್ ಎರಡೂ ಕೆಲಸಕ್ಕೆ ಬರುವುದಿಲ್ಲ. ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನದ ಟೈರ್‌ಗಳ ಮೇಲೆ ನಡೆಸಿದ ಪರೀಕ್ಷೆಗಳಿಂದ ಒಂದು ಸರಳ ಸೂತ್ರ ಹೊರಬಂತು: ಟೈರ್ ತೇಲತೊಡಗುವ ವೇಗವು ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆ ಲೆಕ್ಕದಂತೆ 33 ಪಿಎಸ್‌ಐ ಇರುವ ಟೈರ್ ಗಂಟೆಗೆ ಸುಮಾರು 95 ಕಿ.ಮೀ. ವೇಗದಲ್ಲಿ ತೇಲಿದರೆ, 25 ಪಿಎಸ್‌ಐಗೆ ಇಳಿಸಿದ ಟೈರ್ ಸುಮಾರು 83ರಲ್ಲೇ ತೇಲುತ್ತದೆ. ಕಾರಿನ ಟೈರ್ ವಿಮಾನದ ಟೈರಿಗಿಂತ ಬೇರೆಯಾದ್ದರಿಂದ, ನೀರಿನ ಆಳ ಮತ್ತು ಟ್ರೆಡ್ಡಿನ ಸವೆತಕ್ಕೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ, ಆದರೆ ದಿಕ್ಕು ಬದಲಾಗುವುದಿಲ್ಲ. ಗಾಳಿ ಕಡಿಮೆಯಾದಷ್ಟೂ ಟೈರ್ ಬೇಗ ತೇಲುತ್ತದೆ.

ಗಾಳಿ ಕಡಿಮೆ ಇದ್ದರೆ ಇನ್ನೊಂದು ಕೇಡೂ ಇದೆ. ಪ್ರತಿ ಸುತ್ತಿಗೂ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಹೆಚ್ಚು ಬಾಗಿ ಬಿಸಿಯಾಗುತ್ತದೆ. ತುಂಬಿದ ಗಾಡಿ, ಹೆದ್ದಾರಿಯ ವೇಗ ಎರಡೂ ಸೇರಿದಾಗ ಟೈರ್ ಸಿಡಿಯುವುದಕ್ಕೆ ಇದೇ ದೊಡ್ಡ ಕಾರಣಗಳಲ್ಲೊಂದು. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುವ ಒತ್ತಡವನ್ನೇ, ಟೈರ್ ತಣ್ಣಗಿರುವಾಗ ತುಂಬಿಸಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಮಿತಿ, ನಿಮ್ಮ ಗಾಡಿಗೆ ಬೇಕಾದ ಪ್ರಮಾಣವಲ್ಲ. ಒಳ್ಳೆಯ ಟೈರ್ ಕೂಡ ತಿಂಗಳಿಗೆ ಒಂದು ಪಿಎಸ್‌ಐಯಷ್ಟು ಕಳೆದುಕೊಳ್ಳುತ್ತದೆ, ಹವೆ 5–6 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಇನ್ನೊಂದು ಇಳಿಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ನೋಡಿಸುವುದನ್ನು ತಪ್ಪಿಸಬೇಡಿ.

ಒಂದು ವಿನಂತಿ: ಎರಡು ಟೈರ್ ಕೊಳ್ಳುವ ಮುನ್ನ ಹಿಂದಿನ ಟೈರ್‌ಗಳ ವಯಸ್ಸನ್ನು ನೋಡಿ ತಿಳಿಸಿ. ಸೈಡ್‌ವಾಲಿನ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ.

ಉತ್ತರ 2

ಹೊಸ ಟೈರ್ ಎಲ್ಲಿಗೆ ಎಂಬುದಕ್ಕೆ ನನ್ನ ಉತ್ತರ: ಹಿಂದಕ್ಕೆ. ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುವ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ.

ಮುಂದಿನ ಟೈರ್‌ಗಳು ಹಿಡಿತ ಕಳೆದುಕೊಂಡರೆ ಕಾರು ತಿರುವಿನಲ್ಲಿ ನೇರಕ್ಕೆ ಸರಿಯುತ್ತದೆ. ಅದು ಭಯ ಹುಟ್ಟಿಸುತ್ತದೆ, ನಿಜ, ಆದರೆ ನಿಮಗೆ ಆದಂತೆಯೇ ಸ್ಟಿಯರಿಂಗ್ ಹಗುರವಾಗಿ ಮುನ್ಸೂಚನೆ ಕೊಡುತ್ತದೆ. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದರೆ ಭಾರ ಮುಂದಕ್ಕೆ ಬಂದು ಹಿಡಿತ ಮರಳುತ್ತದೆ. ಹಿಂದಿನ ಟೈರ್‌ಗಳು ಜಾರಿದಾಗ ಇದಕ್ಕೆ ತದ್ವಿರುದ್ಧ. ಕೈಗೆ ಯಾವ ಸೂಚನೆಯೂ ಸಿಗುವುದಿಲ್ಲ, ಗಾಬರಿಯಲ್ಲಿ ಕಾಲು ತೆಗೆದರೆ ಅಥವಾ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಹೋಗಿ ಹಿಂಭಾಗದ ಉಳಿದ ಹಿಡಿತವೂ ಹೋಗುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಅಂಥ ಸ್ಥಿತಿಯಿಂದ ಕಾರನ್ನು ಸರಿದಾರಿಗೆ ತರುವುದು ತರಬೇತಾದ ಚಾಲಕರಿಗೂ ಕಷ್ಟ.

ಉತ್ತರ 3

ಉತ್ತರ 2ರವರ ಮಾತನ್ನು ಒಪ್ಪಲು ನನಗೆ ಕಷ್ಟವಾಗುತ್ತಿದೆ. ಎಳೆಯುವುದು, ತಿರುಗಿಸುವುದು, ಬ್ರೇಕ್ ಹಾಕಿದಾಗ ಹೆಚ್ಚಿನ ಭಾರ ಹೊರುವುದು, ಎಲ್ಲವೂ ಮುಂದಿನ ಚಕ್ರಗಳೇ ಆಗಿರುವಾಗ ಅಲ್ಲಿ ಸವೆದ ಟೈರ್ ಬಿಟ್ಟು ಹಿಂದಕ್ಕೆ ಹೊಸದು ಹಾಕಿಸಿದರೆ, ಪ್ರಶ್ನೆ ಕೇಳಿದವರು ಅದೇ ತಗ್ಗಿನಲ್ಲಿ ಮತ್ತೆ ತೇಲುವುದಿಲ್ಲವೇ? ಒದ್ದೆ ಏರಿನಲ್ಲಿ ಮುಂದಿನ ಚಕ್ರಗಳು ಸುಮ್ಮನೆ ಸುತ್ತುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಇನ್ನು ಹಿಂಭಾಗ ಜಾರಿದರೆ ತಡೆಯಲು ಈಗಿನ ಕಾರುಗಳಲ್ಲಿ ಸ್ಥಿರತಾ ನಿಯಂತ್ರಣ ವ್ಯವಸ್ಥೆಯೂ ಇದೆಯಲ್ಲ.

ಉತ್ತರ 2ರವರಿಂದ ಮತ್ತೆ

ನಿಮ್ಮ ಆತಂಕ ನ್ಯಾಯವಾದದ್ದೇ, ಆದರೆ ಸವೆದ ಟೈರ್‌ಗಳನ್ನು ಮುಂದೆ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. 2.5 ಮಿ.ಮೀ. ಇರುವ ಎರಡನ್ನು ತೆಗೆದುಹಾಕಿ, ಈಗ ಹಿಂದಿರುವ 5 ಮಿ.ಮೀ. ಟೈರ್‌ಗಳನ್ನು ಮುಂದಕ್ಕೆ ತಂದು, ಹೊಸವನ್ನು ಹಿಂದಕ್ಕೆ ಹಾಕಿಸಬೇಕು. ಹೀಗೆ ಮುಂಭಾಗದ ಕಾಲುವೆಯ ಆಳ ಈಗಿರುವುದಕ್ಕಿಂತ ಎರಡು ಪಟ್ಟಾಗುತ್ತದೆ, ಹಿಂಭಾಗ ಅದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಸ್ಥಿರತಾ ನಿಯಂತ್ರಣ ಅಮೂಲ್ಯವಾದ ವ್ಯವಸ್ಥೆ. ಅದಿಲ್ಲದ ಕಾರನ್ನು ಆರಿಸಿ ಎಂದು ಯಾರಿಗೂ ಹೇಳಲಾರೆ. ಆದರೆ ಅದು ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕಿಯೇ ಕಾರನ್ನು ನೇರಗೊಳಿಸಬೇಕು, ಮತ್ತು ಆ ಬ್ರೇಕಿನ ಬಲ ರಸ್ತೆಗೆ ತಲುಪುವುದು ಅಂಗೈಯಗಲದ ರಬ್ಬರಿನ ಮೂಲಕವೇ. ಆ ರಬ್ಬರ್ ನೀರಿನ ಮೇಲಿದ್ದರೆ ವ್ಯವಸ್ಥೆಗೆ ಆಧಾರವೇ ಇರುವುದಿಲ್ಲ.

1.6 ಮಿ.ಮೀ. ಬಗ್ಗೆಯೂ ಹೇಳಬೇಕು. ಹಲವು ದೇಶಗಳಲ್ಲಿ ಕಾನೂನು ಒಪ್ಪುವ ಕನಿಷ್ಠ ಆಳ ಅದು, ಟ್ರೆಡ್ಡಿನ ಕಾಲುವೆಯೊಳಗಿನ ಸವೆತದ ಗುರುತುಗಳೂ ಅದೇ ಎತ್ತರದಲ್ಲಿರುತ್ತವೆ. ಆದರೆ ಹೊಸದಾಗಿದ್ದಾಗ 8 ಮಿ.ಮೀ.ಯಷ್ಟಿರುವ ಆಳ 3ಕ್ಕಿಂತ ಕೆಳಗೆ ಬಂದ ಮೇಲೆ ಒದ್ದೆ ರಸ್ತೆಯ ಹಿಡಿತ ವೇಗವಾಗಿ ಕುಸಿಯುತ್ತದೆ. ಒಣ ರಸ್ತೆಯಲ್ಲಿ ಮಾತ್ರ ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಒಣ ಡಾಂಬರಿನ ಮೇಲೆ ಸವೆದ ಟೈರ್ ಚೆನ್ನಾಗಿಯೇ ಹಿಡಿಯುತ್ತದೆ.

ಒಂದು ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು, ಘರ್ಷಣಾಂಕ (ಟೈರಿಗೂ ರಸ್ತೆಗೂ ನಡುವಿನ ಹಿಡಿತದ ಅಳತೆ) 0.8 ಇರುವ ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ಸುಮಾರು 32 ಮೀಟರಿನಲ್ಲಿ ನಿಲ್ಲುತ್ತದೆ. ಅದು 0.4ಕ್ಕೆ ಇಳಿದ ಒದ್ದೆ ರಸ್ತೆಯಲ್ಲಿ 63 ಮೀಟರ್ ಬೇಕು. ಮೊದಲ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯದು ಇನ್ನೂ 56 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ಅಡ್ಡ ಬಂದವರಿಗೆ ಆ ವ್ಯತ್ಯಾಸ ಪ್ರಾಣದ ಪ್ರಶ್ನೆ. ಮಂಜುಗಡ್ಡೆಯ ಮೇಲೆ ಘರ್ಷಣಾಂಕ 0.1ರಷ್ಟಿದ್ದರೆ ಇದೇ ದೂರ 250 ಮೀಟರ್ ಆಗುತ್ತದೆ. ಚಾಲಕನ ಕಾಲು ಬ್ರೇಕ್ ತಲುಪುವ ಮುನ್ನ ಸಾಗುವ ದೂರ ಇವೆಲ್ಲದರಿಂದ ಬೇರೆ.

ಉತ್ತರ 4

ಜಲ್ಲಿ ಎದ್ದ ಭಾಗದ ಬಗ್ಗೆ ಯಾರೂ ಬರೆಯದ್ದರಿಂದ ಸೇರಿಸುತ್ತಿದ್ದೇನೆ. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳಬಹುದು, ಏಕೆಂದರೆ ಸುತ್ತುವುದನ್ನು ನಿಲ್ಲಿಸಿದ ಚಕ್ರ ಮುಂದೆ ಜಲ್ಲಿಯನ್ನು ರಾಶಿ ಮಾಡಿಕೊಂಡು ನಿಲ್ಲುತ್ತದೆ, ಎಬಿಎಸ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೂ ಎಬಿಎಸ್ ಇದ್ದರೇನೇ ಒಳ್ಳೆಯದು. ಬ್ರೇಕ್ ಒತ್ತಿದಾಗಲೂ ಗಾಡಿಯನ್ನು ತಿರುಗಿಸಲು ಆಗುತ್ತದೆ. ಜಲ್ಲಿ ಶುರುವಾಗುವ ಮುನ್ನವೇ, ಗಟ್ಟಿ ಡಾಂಬರಿನ ಮೇಲಿರುವಾಗಲೇ ವೇಗ ಇಳಿಸಿ. ಬ್ರೇಕನ್ನೂ ತಿರುವನ್ನೂ ಒಟ್ಟಿಗೆ ಬೇಡಬೇಡಿ, ಟೈರಿನ ಹಿಡಿತ ಎರಡಕ್ಕೂ ಹಂಚಿಹೋಗುತ್ತದೆ.

ಆಳವಾದ ಮರಳಿನಲ್ಲಿ ಗಾಳಿ ಇಳಿಸುವ ರೂಢಿ ಇದೆ, ಅಲ್ಲಿ ಅದು ಸರಿ. ನಿಮ್ಮ ಪರಿಚಿತರ ಸಲಹೆಯ ಮೂಲ ಅದೇ ಇರಬೇಕು. ಗಟ್ಟಿ ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಲೇಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹಿಂದಿನ ಎರಡೂ ಟೈರ್‌ಗಳ ಮೇಲೆ 1114 ಎಂದಿದೆ, ಅಂದರೆ 2014ರ 11ನೇ ವಾರ. ಟ್ರೆಡ್ ಚೆನ್ನಾಗಿದ್ದರೂ ಸೈಡ್‌ವಾಲಿನಲ್ಲಿ ಸಣ್ಣ ಬಿರುಕುಗಳು ಕಾಣುತ್ತಿವೆ. ಇವನ್ನು ಮುಂದಕ್ಕೆ ಹಾಕಿಸಬಹುದೇ? ಸಾಧ್ಯವಿಲ್ಲವಾದರೆ ಒಂದನ್ನು ಸ್ಟೆಪ್ನಿಯಾಗಿ ಇಟ್ಟುಕೊಳ್ಳಬಹುದೇ?

ಉತ್ತರ 1ರವರಿಂದ ಮತ್ತೆ

ಹಾಕಿಸಬೇಡಿ, ಇಟ್ಟುಕೊಳ್ಳಲೂಬೇಡಿ. ಟ್ರೆಡ್ ಎಷ್ಟೇ ಉಳಿದಿರಲಿ, ತಯಾರಾಗಿ ಹತ್ತು ವರ್ಷ ಕಳೆದ ಟೈರನ್ನು ತೆಗೆದುಹಾಕಬೇಕೆಂದು ಹಲವು ತಯಾರಕರೇ ಹೇಳುತ್ತಾರೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಪರಿಣತರಿಂದ ನೋಡಿಸಬೇಕೆನ್ನುತ್ತಾರೆ. ಹಳೆಯ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ, ಒಳಪದರಗಳು ಬಿಟ್ಟುಕೊಳ್ಳುವ ಅಪಾಯವೂ ಇದೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ವಯಸ್ಸಾಗುತ್ತದೆ, ಅದರ ಸಂಕೇತವನ್ನೂ ಇವತ್ತೇ ನೋಡಿ.

ನಾಲ್ಕನ್ನೂ ಬದಲಿಸಿ, ಹಿಂದಕ್ಕೋ ಮುಂದಕ್ಕೋ ಎಂಬ ಚರ್ಚೆ ನಿಮ್ಮ ಮಟ್ಟಿಗೆ ಇಲ್ಲಿಗೆ ಮುಗಿಯಿತು. ಟೈರಿನ ಅಳತೆ, ಭಾರದ ಸೂಚ್ಯಂಕ (ಎಷ್ಟು ಭಾರ ಹೊರಬಲ್ಲದೆಂಬ ಅಂಕಿ), ವೇಗದ ಅಕ್ಷರ (ಎಷ್ಟು ವೇಗ ತಾಳಬಲ್ಲದೆಂಬ ಗುರುತು) ಕೈಪಿಡಿಯಲ್ಲಿರುವಂತೆಯೇ ಇರಲಿ. ಹಾಕಿಸುವಾಗ ಚಕ್ರಗಳ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಿ. ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ಲೇಪ ಉಳಿದಿರುತ್ತದೆ, ಆದ್ದರಿಂದ ಮೊದಲ ಕೆಲವು ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕದೆ, ತಿರುವುಗಳಲ್ಲಿ ಅವಸರ ಮಾಡದೆ ಓಡಿಸಿ. ಟೈರ್ ಬದಲಿಸುವ ತನಕ ಮಳೆ ಬಂದರೆ ಆ ತಗ್ಗಿರುವ ಕಡೆ 50–60 ಕಿ.ಮೀ.ಗಿಂತ ಮೇಲೆ ಹೋಗಬೇಡಿ, ನೀರು ಆಳವಾಗಿ ಕಂಡರೆ ಇನ್ನೂ ನಿಧಾನವಾಗಿ ದಾಟಿ.